ಉದ್ರಿ ತೀರಿಸಿದ ಕಾರ್ಡು

ನನ್ನ ತಂಗಿಯನ್ನು ನ್ಯಾಮತಿಗೆ ಕೊಟ್ಟಿದೆ. ಎರಡು ವರ್ಷದ ಹಿಂದೆ ಅವಳ ಮಗ ಒಂದು ಸಂಜೆ ಹೊನ್ನಾಳಿಯ ನಮ್ಮ ಮನೆಗೆ ಬಂದ. ಕಾಫಿ ಮುಟ್ಟಲಿಲ್ಲ. "ದೊಡ್ಡಮ್ಮ, ಹತ್ತು ದಿನದ ಮಟ್ಟಿಗೆ ನಿಮ್ಮ ಕ್ರೆಡಿಟ್ ಕಾರ್ಡು ಕೊಡ್ರಿ, ಅಪ್ಪಗೆ ಮಾತ್ರ ಹೇಳ್ಬ್ಯಾಡ್ರಿ" ಅಂದ. ಕ್ರಿಕೆಟ್ ಬೆಟ್ಟಿಂಗಿನಲ್ಲಿ ಬುಕ್ಕಿಯ ಹತ್ತಿರ ಉದ್ರಿ ಆಡಿ ಸೋತಿದ್ದ. ತನ್ನ ಕಾರ್ಡನ್ನು ಆಗಲೇ ಉಜ್ಜಿ ಮುಗಿಸಿದ್ದ. ಇನ್ನೂ ಒಂದು ಲಕ್ಷ ಬಾಕಿ.

ನಾನು ಕೊಟ್ಟೆ. ಮಕ್ಕಳಿಗೆ ಇಪ್ಪತ್ತೆಂಟು ವರ್ಷ ಬುದ್ಧಿ ಹೇಳಿದ ಶಿಕ್ಷಕಿ, ಜೂಜಿನ ಸಾಲಕ್ಕೆ ನನ್ನ ಕಾರ್ಡು ಕೊಟ್ಟೆ. ಮಾನ ಉಳಿಯಲಿ ಅಂತ ಕೊಟ್ಟೆ. ಈ ಲೇಖನ ಮೊದಲು ನನ್ನ ಮೇಲಿನ ದೂರು, ಆಮೇಲೆ ಉಳಿದವರ ಮೇಲಿನದು.

ಜಗಳೂರು, ಚನ್ನಗಿರಿ, ಹೊನ್ನಾಳಿ, ಮೂರೂ ಕಡೆ ಕೆಲಸ ಮಾಡಿದ್ದೇನೆ. ಮಳೆ ನಂಬಿ ಮೆಕ್ಕೆಜೋಳ ಬಿತ್ತುವ ಜಗಳೂರಿನಲ್ಲೂ ಕಂಡೆ, ಅಡಿಕೆ ತೋಟದ ಚನ್ನಗಿರಿಯಲ್ಲೂ ಕಂಡೆ: ಜೂಜಿಗೆ ಬಡವ ಬಲ್ಲಿದ ಎಂಬ ಭೇದವಿಲ್ಲ. ಬಡವನದು ಓಸಿ ಚೀಟಿ, ಹುಡುಗರದು ಮೊಬೈಲಿನ ಆಟ, ಕೈಯಲ್ಲಿ ಕಾಸಿರುವವರದು ಪಣಜಿಯ ಮಾಂಡೋವಿ ನದಿಯಲ್ಲಿ ನಿಂತ ಕ್ಯಾಸಿನೊ ಹಡಗು. ಮೂರರಲ್ಲೂ ಕೊನೆಗೆ ಬೀರುವಿನ ಬೀಗ ತೆಗೆಯುವುದು ಹೆಂಗಸೇ.

ಇಲ್ಲೊಂದು ವಿಷಯ ನಮ್ಮಲ್ಲಿ ಬಹಳ ಮಂದಿಗೆ ತಿಳಿದಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 30ನೇ ಕಲಮಿನ ಪ್ರಕಾರ ಬಾಜಿಯ ಕರಾರು ಅಸಿಂಧು. ಪಂದ್ಯದಲ್ಲಿ ಗೆದ್ದವನು ಸೋತವನ ಮೇಲೆ ದಾವೆ ಹೂಡಿ ಹಣ ವಸೂಲು ಮಾಡುವಂತಿಲ್ಲ. ಬುಕ್ಕಿಯ ದಂಧೆಯಂತೂ 1963ರ ಕರ್ನಾಟಕ ಪೊಲೀಸ್ ಕಾಯ್ದೆಯಡಿ ಅಪರಾಧ. ಅವನ ಕೈಯಲ್ಲಿರುವುದು ಬರೀ ಬೆದರಿಕೆ. ಆದರೆ ಅದೇ ಹಣವನ್ನು ಕಾರ್ಡಿನಿಂದ ತೆಗೆದು ಅವನಿಗೆ ಕೊಟ್ಟ ಕ್ಷಣ ಏನಾಯಿತು? ಕೋರ್ಟು ಒಪ್ಪದ ಸಾಲ ಹೋಗಿ ಕೋರ್ಟು ಒಪ್ಪುವ ಸಾಲ ಬಂತು. ಬ್ಯಾಂಕಿನದು ಸಿಂಧುವಾದ ಸಾಲ. ಅದು ನೋಟಿಸು ಕೊಡಬಹುದು, ದಾವೆ ಹೂಡಬಹುದು. ಕಾರ್ಡು ನನ್ನ ಹೆಸರಿನಲ್ಲಿದ್ದುದರಿಂದ ಸಾಲಗಾರಳೂ ನಾನೇ. ಇದನ್ನು ನಾವು "ಸಾಲ ತೀರಿತು" ಅನ್ನುತ್ತೇವೆ!

ಬಡ್ಡಿಯ ಲೆಕ್ಕ ನೋಡಿ. ಕಾರ್ಡಿನಿಂದ ಎಟಿಎಮ್ಮಿನಲ್ಲಿ ನಗದು ತೆಗೆದರೆ ಆ ದಿನದಿಂದಲೇ ಬಡ್ಡಿ, ಮೇಲೆ ಶುಲ್ಕ. ಅದಕ್ಕಾಗಿ ಹುಡುಗ ಒಂದು ಅಂಗಡಿಯಲ್ಲಿ ಸಾಮಾನು ಕೊಂಡಂತೆ ಕಾರ್ಡು ಉಜ್ಜಿದ. ಅಂಗಡಿಯವನು ನೂರಕ್ಕೆ ಮೂರು ಮುರಿದುಕೊಂಡು 97,000 ಕೈಗಿಟ್ಟ. ಹತ್ತು ದಿನ ಹೋಗಿ ಬಿಲ್ಲು ಬಂತು. ಪೂರ್ತಿ ಕಟ್ಟಲಾಗಲಿಲ್ಲ, ಕನಿಷ್ಠ ಮೊತ್ತವೆಂದು 5,000 ಕಟ್ಟಿದೆ. ತಿಂಗಳಿಗೆ ಶೇಕಡ ಮೂರೂವರೆಯಂತೆ ಬಡ್ಡಿ 3,500, ಅದರ ಮೇಲೆ ಜಿಎಸ್‌ಟಿ 630. ಅಸಲಿಗೆ ಹೋದದ್ದು 870 ರೂಪಾಯಿ! ಹೀಗೇ ವರ್ಷವಿಡೀ ಕಟ್ಟಿದರೆ 60,000 ಕೊಟ್ಟಿರುತ್ತೇವೆ, ಅಸಲು ಇಳಿಯುವುದು ಸುಮಾರು 13,000.

ಊರಿನಲ್ಲಿ ನೂರಕ್ಕೆ ಮೂರು ರೂಪಾಯಿ ಬಡ್ಡಿ ತಿನ್ನುವವನನ್ನು ರಕ್ತ ಹೀರುವವನು ಅಂತ ಬೈಯುತ್ತೇವೆ. ಮೂರೂವರೆ ತೆಗೆದುಕೊಳ್ಳುವವರು ಟೈ ಕಟ್ಟಿಕೊಂಡು ಸ್ಟಾಫ್ ರೂಮಿಗೆ ಬಂದರೆ, ಕುರ್ಚಿ ಹಾಕಿ ಅರ್ಜಿಗೆ ಸಹಿ ಮಾಡುತ್ತೇವೆ. ಕಾರ್ಡಿನ ಬಡ್ಡಿ ವರ್ಷಕ್ಕೆ ಶೇ. 30 ದಾಟಬಾರದೆಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. ಸುಪ್ರೀಂ ಕೋರ್ಟು 2024ರ ಡಿಸೆಂಬರಿನಲ್ಲಿ ಆ ತೀರ್ಪನ್ನು ರದ್ದುಮಾಡಿತು. ಹಣ ಇಟ್ಟು ಆಡುವ ಆನ್‌ಲೈನ್ ಆಟಗಳ ವಿರುದ್ಧ ಸಂಸತ್ತು 2025ರ ಆಗಸ್ಟಿನಲ್ಲಿ ಕಾಯ್ದೆ ಮಾಡಿತು. ಅಂಥ ಆಟಕ್ಕೆ ಬ್ಯಾಂಕುಗಳು ಹಣ ಸಾಗಿಸಬಾರದೆಂದೂ ಅದರಲ್ಲಿದೆ. ಒಳ್ಳೆಯದೇ. ಆದರೆ ಅಂಗಡಿಯಲ್ಲಿ ಉಜ್ಜಿ ನಗದು ಮಾಡಿ ಬುಕ್ಕಿಯ ಕೈಗಿಟ್ಟ ಹಣ ಯಾವ ಬ್ಯಾಂಕಿನ ಕಣ್ಣಿಗೆ ಬೀಳುತ್ತದೆ? ಅದು ಕಾಣುವುದು ಮನೆಯವರಿಗೆ ಮಾತ್ರ.

"ನಿಮಗೇನು ರೀ, ಸಂಬಳ ಬರುತ್ತೆ. ಬುಕ್ಕಿ ಬಾಗಿಲಿಗೆ ಬಂದು ಕೂಗಾಡಿದರೆ ಹೆಣ್ಣುಮಕ್ಕಳಿರೋ ಮನೆಯ ಗತಿ ಏನು?" ಎಂದು ಓದುವವರು ಕೇಳಬಹುದು. ನಿಜ, ಆ ಭಯ ಸುಳ್ಳಲ್ಲ. ಆದರೆ ಗುಟ್ಟಾಗಿ ಕೊಟ್ಟ ಹಣದಿಂದ ಅವನು ಬಾಗಿಲಿಗೆ ಬರುವುದು ನಿಲ್ಲಲಿಲ್ಲ. ಬಾಕಿ ಚುಕ್ತಾ ಆದ ವಾರದಲ್ಲೇ ನಮ್ಮ ಹುಡುಗನಿಗೆ ಮತ್ತೆ ಉದ್ರಿ ಕೊಟ್ಟ. ಈ ಮನೆಯಲ್ಲಿ ಕಟ್ಟುವವರಿದ್ದಾರೆಂದು ಅವನಿಗೆ ಗೊತ್ತಾಗಿತ್ತು. ಮಹಾಭಾರತದಲ್ಲಿ ಧೃತರಾಷ್ಟ್ರ ಸೋತದ್ದನ್ನೆಲ್ಲ ಹಿಂದಕ್ಕೆ ಕೊಟ್ಟ ಮೇಲೆ ಧರ್ಮರಾಯ ಮತ್ತೆ ಹಾಸಿನ ಮುಂದೆ ಕೂರಲಿಲ್ಲವೆ? ಧರ್ಮರಾಯನಿಗೇ ಬಾರದ ಬುದ್ಧಿ ನಮ್ಮ ಹುಡುಗರಿಗೆ ಬರಲೆಂದು ಕಾರ್ಡು ಕೊಡುತ್ತೇವೆ. ಆ ಸಭೆಯಲ್ಲಿ ದ್ರೌಪದಿ ಅತ್ತಳೆಂದು ಮಕ್ಕಳಿಗೆ ಪಾಠ ಮಾಡುತ್ತೇವೆ. ಅವಳು ಮೊದಲು ಮಾಡಿದ್ದು ಅಳುವುದನ್ನಲ್ಲ, ಪ್ರಶ್ನೆ ಕೇಳುವುದನ್ನು: ತನ್ನನ್ನೇ ಸೋತವನಿಗೆ ನನ್ನನ್ನು ಪಣವಿಡುವ ಅಧಿಕಾರ ಎಲ್ಲಿಂದ ಬಂತು? ನನ್ನ ಕಾರ್ಡು ಕೇಳಿದಾಗ ನಾನು ಆ ಪ್ರಶ್ನೆ ಕೇಳಲಿಲ್ಲ.

2024ರ ಅಕ್ಟೋಬರಿನಲ್ಲಿ ನ್ಯಾಮತಿಯ ಬ್ಯಾಂಕೊಂದರಿಂದ 17 ಕಿಲೋಗೂ ಹೆಚ್ಚು ಒಡವೆ ಕಳುವಾಯಿತು. ಮುಂದಿನ ವರ್ಷ ಪೊಲೀಸರು ಪತ್ತೆ ಹಚ್ಚಿದರು. ಸುದ್ದಿ ಕೇಳಿ ತಂಗಿ ಗಾಬರಿಯಾದಾಗಲೇ ನನಗೆ ತಿಳಿದದ್ದು, ಅವಳ ಬೋರಮಾಳ ಸರವೂ ಊರಿನ ಇನ್ನೊಂದು ಕಡೆ ಅಡವಿದೆ ಎಂದು. ಮಗನ ಮೊದಲ ಕಾರ್ಡಿನ ಬಾಕಿಗೆ ಅವಳು ಗಂಡನಿಗೆ ಹೇಳದೆ ಇಟ್ಟಿದ್ದಳು. ಅವಳು ನನಗೆ ಹೇಳಿರಲಿಲ್ಲ, ನಾನು ಅವಳಿಗೆ ಹೇಳಿರಲಿಲ್ಲ. ಅಕ್ಕತಂಗಿಯರಿಬ್ಬರೂ ಒಬ್ಬನೇ ಹುಡುಗನ ಗುಟ್ಟನ್ನು ಬೇರೆ ಬೇರೆ ಕಾಪಾಡಿದ್ದೆವು.

ಎರಡನೇ ಸಲ ಅವನು ಕೇಳಲು ಬಂದಾಗ ಭಾವನವರನ್ನು ಕರೆಸಿ ಎಲ್ಲರ ಎದುರು ಮಾತಾಡಿದೆ. ಆಸ್ಪತ್ರೆಗೆ ಬೇಕೆಂದರೆ ಕೊಡುತ್ತೇನೆ, ಅಂಗಡಿ ಹಾಕುತ್ತೇನೆಂದರೆ ಯೋಚಿಸುತ್ತೇನೆ, ಬುಕ್ಕಿಗೆ ಒಂದು ಪೈಸೆ ಇಲ್ಲ ಎಂದೆ. ಹುಡುಗ ಎರಡು ತಿಂಗಳು ನನ್ನೊಡನೆ ಮಾತು ಬಿಟ್ಟ. ಬೆದರಿಕೆಯ ಫೋನುಗಳು ಬಂದವು; ಠಾಣೆಗೆ ಹೋಗುತ್ತೇನೆಂದು ಭಾವ ಗಟ್ಟಿಯಾಗಿ ಹೇಳಿದ ಮೇಲೆ ಕಡಿಮೆಯಾದವು. ಪೂರ್ತಿ ನಿಂತಿವೆ ಎನ್ನಲಾರೆ. ಹುಡುಗ ಪೂರ್ತಿ ಬಿಟ್ಟಿದ್ದಾನೆಂದೂ ಹೇಳಲಾರೆ.

ಸೋದರಿಯರೇ, ಜೂಜಿನ ಬಾಕಿಗೆ ಕಾರ್ಡು ಕೊಡಬೇಡಿ, ಸರ ಬಿಚ್ಚಬೇಡಿ, ಜಾಮೀನಿಗೆ ಸಹಿ ಹಾಕಬೇಡಿ. ಕೇಳಿದ ದಿನವೇ ಮನೆಯವರನ್ನೆಲ್ಲ ಕೂರಿಸಿ ಹೇಳಿಬಿಡಿ. ನನ್ನ ಕಾರ್ಡಿನ ಬಾಕಿಯನ್ನು ಕಂತು ಮಾಡಿಸಿಕೊಂಡಿದ್ದೇನೆ. ಮುಂದಿನ ಯುಗಾದಿಯವರೆಗೆ ಪ್ರತಿ ತಿಂಗಳು ನನ್ನ ಸಂಬಳದಲ್ಲಿ ಅದು ಕಡಿತವಾಗುತ್ತದೆ.