ಒಂದೇ ಬಿರುಮಳೆ, ಬೇರೆ ಬೇರೆ ಸೂರು

ಮಳೆ ಬಿಸಿಲುಗಳು ಸಜ್ಜನ ದುರ್ಜನರೆಂಬ ಭೇದವಿಲ್ಲದೆ ಎಲ್ಲರ ಮೇಲೂ ಬೀಳುತ್ತವೆಂಬುದು ಶುಭಸಂದೇಶವನ್ನು ಬಲ್ಲ ಪ್ರತಿಯೊಂದು ಕುಟುಂಬಕ್ಕೂ ತಿಳಿದ ವಿಚಾರ. ದೇವರ ಔದಾರ್ಯವನ್ನು ಸಾರುವ ಈ ಮಾತನ್ನು ನಾವು ಪ್ರಕೃತಿ ವಿಕೋಪಕ್ಕೂ ಅನ್ವಯಿಸಿಬಿಟ್ಟಿದ್ದೇವೆ. ಬಿರುಗಾಳಿಗೆ ಜಾತಿಯಿಲ್ಲ, ನೆರೆಗೆ ಬಡವ ಬಲ್ಲಿದರೆಂಬ ಎಣಿಕೆಯಿಲ್ಲ ಎಂದು ಹೇಳಿ ಸಮಾಧಾನಪಟ್ಟುಕೊಳ್ಳುತ್ತೇವೆ. ಮಳೆಯ ಮಟ್ಟಿಗೆ ಇದು ನಿಜವೇ. ಆದರೆ ಮಳೆ ನಿಂತ ಮರುದಿನ ಯಾರ ಗೋಡೆ ಬಿದ್ದಿದೆ, ಯಾರ ಒಲೆ ಹತ್ತಿಲ್ಲ, ಯಾರ ಹೆಸರು ಪರಿಹಾರದ ಪಟ್ಟಿಯಿಂದ ಬಿಟ್ಟುಹೋಗಿದೆ ಎಂದು ಕೇಳುತ್ತ ನಡೆದರೆ, ಹೆಜ್ಜೆಗಳು ಪ್ರತಿ ಸಲವೂ ಅದೇ ಕೇರಿಗಳ ಕಡೆಗೇ ಹೋಗುತ್ತವೆ. ಇದು ಆಕಸ್ಮಿಕವಲ್ಲ ಎಂಬುದನ್ನು ನಾವು ಒಪ್ಪಬೇಕಾಗಿದೆ.

ನಮ್ಮದು ಬರದ ಸೀಮೆ. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಪಾಲಾರ್, ಅರ್ಕಾವತಿ, ಚಿತ್ರಾವತಿ, ಪಾಪಾಗ್ನಿ ನದಿಗಳೆಲ್ಲ ನಂದಿಯ ಬೆಟ್ಟಸಾಲಿನ ಆಸುಪಾಸಿನಲ್ಲೇ ಹುಟ್ಟಿದರೂ ಒಂದಾದರೂ ಇಲ್ಲಿ ವರ್ಷವಿಡೀ ಹರಿಯುವುದಿಲ್ಲ. ಸಾವಿರ ಅಡಿ ಕೊರೆದರೂ ನೀರು ಕಾಣದ ಕೊಳವೆಬಾವಿಗಳ ಚಿಂತೆಯಲ್ಲೇ ಎರಡು ತಲೆಮಾರು ಕಳೆದಿದೆ. ಆದುದರಿಂದಲೇ ಬರಕ್ಕೆ ಸಿದ್ಧರಾಗುವುದು ನಮಗೆ ಗೊತ್ತು, ಬಿರುಮಳೆಗೆ ಸಿದ್ಧರಾಗುವುದು ಗೊತ್ತಿಲ್ಲ. ಒಣಗಿದ ಕೆರೆಯಂಗಳವನ್ನು ಹೊಲವೆಂದೂ, ಬತ್ತಿದ ರಾಜಕಾಲುವೆಯನ್ನು ಖಾಲಿ ಜಾಗವೆಂದೂ ನೋಡುವ ಅಭ್ಯಾಸ ಬೆಳೆದುಬಿಟ್ಟಿದೆ.

2021ನೆಯ ಇಸವಿ ಈ ಮರೆವಿಗೆ ತಕ್ಕ ಪಾಠ ಕಲಿಸಿತು. ಆ ವರ್ಷದ ಆಗಸ್ಟ್ ತಿಂಗಳಲ್ಲಿ ನಂದಿಬೆಟ್ಟದಲ್ಲಿ ಭೂಕುಸಿತವಾಗಿ ರಸ್ತೆ ಕೊಚ್ಚಿಹೋಯಿತು. ಬೆಟ್ಟ ತಿಂಗಳುಗಟ್ಟಲೆ ಪ್ರವಾಸಿಗರಿಗೆ ಮುಚ್ಚಿತು. ನವೆಂಬರ್ 19ರಂದು ಬಂಗಾಳ ಕೊಲ್ಲಿಯ ವಾಯುಭಾರ ಕುಸಿತವು ಪುದುಚೇರಿ ಮತ್ತು ಚೆನ್ನೈ ನಡುವೆ ಕರಾವಳಿಯನ್ನು ದಾಟಿತು. ಸಮುದ್ರದಿಂದ ಸುಮಾರು 250 ಕಿ.ಮೀ. ಒಳಗಿರುವ ಚಿಕ್ಕಬಳ್ಳಾಪುರ, ಕೋಲಾರ ಜಿಲ್ಲೆಗಳಲ್ಲಿ ದಶಕಗಳಿಂದ ತುಂಬದಿದ್ದ ಕೆರೆಗಳು ಕೋಡಿ ಬಿದ್ದವು. ರಾಗಿ ತೆನೆ ಹೊಲದಲ್ಲೇ ಮೊಳೆಯಿತು. ಮಣ್ಣಿನ ಮನೆಗಳು ಕುಸಿದವು. ಆ ಬಳಿಕ 2022ರ ಡಿಸೆಂಬರಿನಲ್ಲಿ ಮಾಂಡೌಸ್, 2024ರ ನವೆಂಬರ್ ಕೊನೆಯಲ್ಲಿ ಫೆಂಗಲ್ ಚಂಡಮಾರುತಗಳು ತಮಿಳುನಾಡಿನ ತೀರಕ್ಕೆ ಬಂದಾಗಲೂ ಮೋಡ ಈ ಕಡೆಗೆ ತಿರುಗಿತು. ಇವು ಸ್ವಾತಿ, ವಿಶಾಖ, ಅನೂರಾಧ ಮಳೆಗಳ ಕಾಲದ ಅಪಾಯ. ಏಪ್ರಿಲ್, ಮೇ ತಿಂಗಳುಗಳಲ್ಲಿ ಸಿಡಿಲು, ಆಲಿಕಲ್ಲು, ಬಿರುಗಾಳಿಗಳು ಚಿಂತಾಮಣಿಯ ಮಾವನ್ನೂ ಚಿಕ್ಕಬಳ್ಳಾಪುರದ ದ್ರಾಕ್ಷಿಯನ್ನೂ ಉದುರಿಸುವುದು ಬೇರೆಯೇ ಇದೆ. ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ಸಂಸ್ಕರಿಸಿದ ನೀರು ನಮ್ಮ ಹಲವು ಕೆರೆಗಳಿಗೆ ಬರುತ್ತಿದೆ. ಬರಿದಾದ ಕೆರೆಗೆ ದೊಡ್ಡ ಮಳೆಯನ್ನು ನುಂಗುವ ಶಕ್ತಿ ಇರುತ್ತದೆ. ಮೊದಲೇ ಅರೆ ತುಂಬಿದ ಕೆರೆ ಬೇಗನೆ ಕೋಡಿ ಬೀಳುತ್ತದೆ.

ಕೋಡಿಯ ನೀರು ಎಲ್ಲಿಗೆ ಹೋಗುತ್ತದೆ? ತಗ್ಗಿಗೆ. ತಗ್ಗಿನಲ್ಲಿ ಯಾರಿದ್ದಾರೆ? ಈ ಪ್ರಶ್ನೆಗೆ ಉತ್ತರ ಕೊಡುವುದು ಭೂಗೋಳವಲ್ಲ, ಚರಿತ್ರೆ. ದಿನ್ನೆಯ ಮೇಲೆ, ದೇವಸ್ಥಾನದ ಸುತ್ತ ಊರು. ಊರಿನಾಚೆ, ಕಾಲುವೆಯ ಮಗ್ಗುಲಲ್ಲೋ ಕೆರೆಯ ಏರಿಯ ಕೆಳಗೋ ದಲಿತರ ಕೇರಿ. ಎಲ್ಲ ಹಳ್ಳಿಗಳೂ ಹೀಗೆಯೇ ಇವೆ ಎನ್ನಲಾಗದು. ಆದರೆ ಇಂಥ ಹಳ್ಳಿಗಳನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ಪಟ್ಟಣಗಳಲ್ಲಿ ಕೂಲಿಗೆ ಬಂದ ಕುಟುಂಬಗಳಿಗೆ ಸಿಗುವ ಅಗ್ಗದ ನಿವೇಶನವೂ ರಾಜಕಾಲುವೆಯ ದಂಡೆಯೇ.

ಇದರಲ್ಲಿ ಕಹಿಯಾದ ವಿಪರ್ಯಾಸವೊಂದಿದೆ. ಈ ಸೀಮೆಯ ಕೆರೆಗಳನ್ನು ಕಾಯುತ್ತಿದ್ದವನು ನೀರುಗಂಟಿ. ಸಾಮಾನ್ಯವಾಗಿ ದಲಿತ ಕುಲದವನಾದ ಅವನು ಮಳೆಯ ರಾತ್ರಿ ಏರಿಯ ಮೇಲೆ ನಡೆದು, ಬಿರುಕು ಎಲ್ಲಿದೆ, ತೂಬು ಯಾವಾಗ ಎತ್ತಬೇಕು, ಕೋಡಿ ಎಷ್ಟು ಹೊತ್ತಿಗೆ ಬೀಳುತ್ತದೆ ಎಂದು ಊರಿಗೆ ತಿಳಿಸುತ್ತಿದ್ದನು. ಅವನಿಗೆ ಸಲ್ಲುತ್ತಿದ್ದುದು ಸುಗ್ಗಿಯಲ್ಲಿ ಒಂದಿಷ್ಟು ಧಾನ್ಯ. ಊರನ್ನು ನೀರಿನಿಂದ ಕಾದವನಿಗೆ ಊರಿನ ಎತ್ತರದ ಜಾಗದಲ್ಲಿ ಮನೆ ಕಟ್ಟುವ ಹಕ್ಕಿರಲಿಲ್ಲ. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ವಂಶಪಾರಂಪರ್ಯದ ಹುದ್ದೆಗಳನ್ನು ಕೊನೆಗಾಣಿಸಿತು. ಅದು ನ್ಯಾಯವೇ ಆಗಿತ್ತು. ಆದರೆ ಆ ಕೆಲಸವನ್ನು ಗೌರವದ ಸಂಬಳ ಕೊಟ್ಟು ಯಾರಿಗೂ ವಹಿಸದ ಕಡೆ ಏರಿ ಅನಾಥವಾಯಿತು, ಕೇರಿ ಮಾತ್ರ ತಗ್ಗಿನಲ್ಲೇ ಉಳಿಯಿತು.

ಇನ್ನು ಪರಿಹಾರದ ಲೆಕ್ಕವನ್ನು ನೋಡೋಣ. 2021ರ ಡಿಸೆಂಬರಿನಲ್ಲಿ ರಾಜ್ಯ ಸರ್ಕಾರ ಬೆಳೆಹಾನಿ ಪರಿಹಾರವನ್ನು ಹೆಚ್ಚಿಸಿತು. ಹೆಕ್ಟೇರಿಗೆ ಒಣಭೂಮಿ ಬೆಳೆಗೆ 13,600, ನೀರಾವರಿ ಬೆಳೆಗೆ 25,000, ಬಹುವಾರ್ಷಿಕ ತೋಟಗಾರಿಕೆ ಬೆಳೆಗೆ 28,000 ರೂಪಾಯಿ. ಮಿತಿ 2 ಹೆಕ್ಟೇರ್. ಸ್ವಾಗತಾರ್ಹ ಕ್ರಮವೇ. ಆದರೆ ಈ ಹಣ ಹೋಗುವುದು ಪಹಣಿಯಲ್ಲಿ ಹೆಸರಿದ್ದವರಿಗೆ. 2 ಹೆಕ್ಟೇರ್ ದ್ರಾಕ್ಷಿತೋಟದ ಒಡೆಯನಿಗೆ 56,000 ರೂಪಾಯಿ ಬಂದರೆ ಅವನ ನಷ್ಟಕ್ಕೆ ಅದು ಸಾಲದು ಎಂಬುದೂ ಸತ್ಯ. ಆದರೂ ಅದೇ ತೋಟದಲ್ಲಿ ಗೊನೆ ಕತ್ತರಿಸುವ ಕೂಲಿಯನ್ನು ನಂಬಿದ್ದ ಹೆಣ್ಣುಮಗಳಿಗೆ ಆ ಲೆಕ್ಕದಲ್ಲಿ ಒಂದು ರೂಪಾಯಿಯೂ ಇಲ್ಲ. ಬಾಯಿಮಾತಿನ ಗುತ್ತಿಗೆಗೆ ಹೊಲ ಮಾಡಿ ಸ್ವಂತ ಸಾಲದಿಂದ ಬಿತ್ತಿದವನಿಗೂ ಇಲ್ಲ. ಅವನ ಬೆಳೆ ಹೋಯಿತು, ಪರಿಹಾರ ಭೂಮಾಲೀಕನ ಖಾತೆಗೆ ಹೋಯಿತು. ಶಿಡ್ಲಘಟ್ಟದಲ್ಲಿ ಮಳೆಗೆ ಹಿಪ್ಪುನೇರಳೆ ಸೊಪ್ಪು ತೊಯ್ದು ಹುಳುಗಳಿಗೆ ರೋಗ ತಗುಲಿದರೆ, ಕರೆಂಟು ಹೋಗಿ ನೂಲು ಬಿಚ್ಚುವ ಕೆಲಸ ನಿಂತರೆ, ಬಿಸಿನೀರಿನ ತೊಟ್ಟಿಯ ಮುಂದೆ ದಿನವಿಡೀ ನಿಲ್ಲುವ ಕೆಲಸಗಾರರ ಕೂಲಿ ನಿಂತುಹೋಗುತ್ತದೆ. ಯಾವ ಸಮೀಕ್ಷೆಯ ಕಾಗದದಲ್ಲೂ ಅದಕ್ಕೊಂದು ಅಂಕಣವಿಲ್ಲ.

ಮನೆಹಾನಿಯ ವಿಷಯವೂ ಹೀಗೆಯೇ. ಆ ವರ್ಷ ಪೂರ್ತಿ ಬಿದ್ದ ಮನೆಗೆ 5 ಲಕ್ಷ, ಭಾಗಶಃ ಬಿದ್ದುದಕ್ಕೆ 3 ಲಕ್ಷ, ಅಲ್ಪ ಹಾನಿಗೆ 50,000 ರೂಪಾಯಿಗಳ ನಿಗದಿಯಿತ್ತು. ಕಾಗದಪತ್ರ ಸರಿಯಿದ್ದವರು ಅರ್ಜಿ ಕೊಟ್ಟು ಬೆನ್ನುಹತ್ತಿದರು. ಹಕ್ಕುಪತ್ರವಿಲ್ಲದೆ ಕಾಲುವೆಯ ಅಂಚಿನಲ್ಲಿ ಮೂರು ತಲೆಮಾರು ಬಾಳಿದವರಿಗೆ ಬಿದ್ದ ಮನೆ ತಮ್ಮದೆಂದು ಸಾಬೀತುಪಡಿಸುವುದೇ ಮನೆ ಕಟ್ಟುವುದಕ್ಕಿಂತ ಕಷ್ಟವಾಗುತ್ತದೆ.

ಇಲ್ಲಿ ಯಾರೂ ಯಾರನ್ನೂ ಹೀಯಾಳಿಸಲಿಲ್ಲ, ಯಾರೂ ಬಾಗಿಲು ಮುಚ್ಚಲಿಲ್ಲ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ 61ನೆಯ ಕಲಮು ಪರಿಹಾರ ಹಂಚುವಾಗ ಲಿಂಗ, ಜಾತಿ, ಸಮುದಾಯ, ವಂಶ, ಧರ್ಮಗಳ ಆಧಾರದಲ್ಲಿ ಭೇದ ಮಾಡಕೂಡದೆಂದು ಸ್ಪಷ್ಟವಾಗಿ ವಿಧಿಸಿದೆ. ಗ್ರಾಮಲೆಕ್ಕಿಗರು ಆ ಕಲಮನ್ನು ಅಕ್ಷರಶಃ ಪಾಲಿಸಿದರೂ ಫಲ ಅದೇ. ಏಕೆಂದರೆ ಆ ಕಲಮು ಬಿರುಮಳೆಯ ನಂತರದ ಹಂಚಿಕೆಯನ್ನು ಕುರಿತದ್ದು. ತಾರತಮ್ಯ ನಡೆದದ್ದು ಅದಕ್ಕಿಂತ ಬಹಳ ಹಿಂದೆ, ನಿವೇಶನ ಹಂಚಿದಾಗ, ಭೂಮಿಯ ದಾಖಲೆ ಬರೆದಾಗ. ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು 7 ಮಂದಿ ದಲಿತರನ್ನು ಜೀವಂತವಾಗಿ ಸುಟ್ಟಾಗ ನಾಡೇ ತಲೆತಗ್ಗಿಸಿತು. ಅದು ಬೆಂಕಿಯಂತೆ ಕಣ್ಣಿಗೆ ಕಾಣುವ ದ್ವೇಷ. ನೀರಿನಂತೆ ಸದ್ದಿಲ್ಲದೆ ತಗ್ಗು ಹುಡುಕಿ ಹರಿಯುವ ಅನ್ಯಾಯ ಮತ್ತೊಂದಿದೆ. ಸಂತ ಎರಡನೆಯ ಜಾನ್ ಪಾಲರು 1987ರ ತಮ್ಮ ವಿಶ್ವಪರಿಪತ್ರದಲ್ಲಿ ಪಾಪದ ರಚನೆಗಳೆಂದು ಕರೆದದ್ದು ಇಂಥದ್ದನ್ನೇ. ಒಬ್ಬೊಬ್ಬರೂ ಪ್ರಾಮಾಣಿಕರಾಗಿದ್ದು ಎಲ್ಲರೂ ಕೂಡಿ ಅನ್ಯಾಯವನ್ನು ನಡೆಸಿಕೊಂಡು ಹೋಗಲು ಸಾಧ್ಯ.

ನಮ್ಮ ಸಮುದಾಯ ಇದರಿಂದ ಹೊರಗಿಲ್ಲ. 1950ರ ಪರಿಶಿಷ್ಟ ಜಾತಿಗಳ ಆದೇಶವು ಆ ಸ್ಥಾನಮಾನವನ್ನು ಮೊದಲು ಹಿಂದೂಗಳಿಗೆ ಮಾತ್ರ ಮೀಸಲಿಟ್ಟಿತು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದರು. ದಲಿತ ಕ್ರೈಸ್ತರು ಸೇರಲಿಲ್ಲ. ಮತಭೇದವಿಲ್ಲದೆ ಈ ಸ್ಥಾನ ಸಿಗಬೇಕೆಂದು ನ್ಯಾಯಮೂರ್ತಿ ರಂಗನಾಥ ಮಿಶ್ರಾ ಆಯೋಗ 2007ರಲ್ಲಿ ಶಿಫಾರಸು ಮಾಡಿತು. 2022ರಲ್ಲಿ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ನೇತೃತ್ವದಲ್ಲಿ ಮತ್ತೊಂದು ಆಯೋಗ ನೇಮಕವಾಯಿತು. ಒಂದೇ ಕೇರಿಯ ಒಂದೇ ಸಾಲಿನ ಎರಡು ಸೋರುವ ಮನೆಗಳಲ್ಲಿ ಒಂದಕ್ಕೆ ಅಂಬೇಡ್ಕರ್ ನಿವಾಸ್ ಯೋಜನೆಯ ಬಾಗಿಲು ತೆರೆದಿದ್ದು, ಇನ್ನೊಂದಕ್ಕೆ ಮುಚ್ಚಿರುವುದು ಈ ಆದೇಶದ ಫಲ. ಇದನ್ನು ನಾವು ಸಭೆಗಳಲ್ಲಿ ಗಟ್ಟಿಯಾಗಿ ಹೇಳುತ್ತೇವೆ; ಹೇಳಲೇಬೇಕು. ಆದರೆ ಸರ್ಕಾರದ ಪಟ್ಟಿಯನ್ನು ಪ್ರಶ್ನಿಸುವವರು ತಮ್ಮ ಧರ್ಮಕೇಂದ್ರದ ಪಟ್ಟಿಯನ್ನೂ ತೆರೆದಿಡಬೇಕಾಗುತ್ತದೆ. ನೆರವಿನ ಸಮಿತಿಯಲ್ಲಿ ಕೇರಿಯವರು ಎಷ್ಟು ಜನ? ಕೂಲಿಯ ಹೆಣ್ಣುಮಕ್ಕಳು ಎಷ್ಟು ಜನ? ಪೂಜೆಗೆ ಬಾರದವರ, ನಮ್ಮ ಮತದವರಲ್ಲದವರ ಮನೆ ಬಿದ್ದರೆ ಅದು ನಮ್ಮ ಲೆಕ್ಕಕ್ಕೆ ಬರುತ್ತದೆಯೆ?

ಕೆಲವರು ಹೇಳಬಹುದು: ಕಾಲುವೆಯ ಮೇಲೆ ಮನೆ ಕಟ್ಟಿದ್ದು ಅವರದೇ ತಪ್ಪಲ್ಲವೆ ಎಂದು. ಬಂಡೆಯ ಮೇಲೂ ಮರಳಿನ ಮೇಲೂ ಮನೆ ಕಟ್ಟಿದ ಇಬ್ಬರ ಸಾಮತಿಯನ್ನೂ ಇದಕ್ಕೆ ಬೆಂಬಲವಾಗಿ ಎತ್ತಿ ತೋರಬಹುದು. ಆದರೆ ಸಾಮತಿಯ ಇಬ್ಬರಿಗೂ ಆಯ್ಕೆಯಿತ್ತು. ಬಂಡೆಯಿದ್ದ ಜಾಗಕ್ಕೆಲ್ಲ ಬೇಲಿ ಬಿದ್ದ ಮೇಲೆ ಮರಳಿನ ಮೇಲೆ ಕಟ್ಟಿದವನನ್ನು ಅವಿವೇಕಿ ಎನ್ನುವುದು ಸಾಮತಿಗೆ ಮಾಡುವ ಅಪಚಾರ. ಅಂತೆಯೇ, ದಾಖಲೆಯಿಲ್ಲದೆ ಹಣ ಹಂಚಿದರೆ ವಂಚಕರು ಸೇರಿಕೊಳ್ಳುತ್ತಾರೆ ಎಂಬ ಅಧಿಕಾರಿಗಳ ಅಂಜಿಕೆಯೂ ನಿರಾಧಾರವಲ್ಲ. ಅದಕ್ಕೆ ಪರಿಹಾರ ಗ್ರಾಮಸಭೆ. ಯಾರು ಎಲ್ಲಿ ವಾಸವಿದ್ದರು, ಯಾವ ಹೊಲವನ್ನು ಯಾರು ಉಳುತ್ತಿದ್ದರು ಎಂಬುದು ಊರಿಗೆ ಗೊತ್ತು. ಮಳೆಗೆ ಮುನ್ನವೇ ಬಹಿರಂಗವಾಗಿ ಓದಿದ ಪಟ್ಟಿಯಲ್ಲಿ ಮೋಸಕ್ಕೆ ಅವಕಾಶ ಕಡಮೆ.

ಸಿದ್ಧತೆಯಿಂದ ಏನಾದೀತು ಎಂದು ಸಂಶಯಪಡುವವರು ಒಡಿಶಾವನ್ನು ನೋಡಲಿ. 1999ರ ಚಂಡಮಾರುತದಲ್ಲಿ ಅಲ್ಲಿ ಸುಮಾರು 10,000 ಜನ ಸತ್ತರು. 2019ರಲ್ಲಿ ಫೋನಿ ಚಂಡಮಾರುತ ಬಂದಾಗ 12 ಲಕ್ಷ ಜನರನ್ನು ಮುಂಚಿತವಾಗಿಯೇ ಸ್ಥಳಾಂತರಿಸಿದ್ದರಿಂದ ಸತ್ತವರ ಸಂಖ್ಯೆ ನೂರನ್ನೂ ಮುಟ್ಟಲಿಲ್ಲ. ಇದಕ್ಕೆ ಎದುರಾಗಿ 2005ರಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದಲ್ಲಿ ಕತ್ರಿನಾ ಚಂಡಮಾರುತಕ್ಕೆ ಮುನ್ನ ಊರು ಬಿಡಿರೆಂಬ ಆಜ್ಞೆ ಹೊರಟಿತು. ಸ್ವಂತ ವಾಹನವುಳ್ಳವರು ಹೋದರು, ವಾಹನವಿಲ್ಲದ ಬಡವರು, ಬಹುಪಾಲು ಕಪ್ಪುಜನರು, ನೀರಿನಲ್ಲಿ ಸಿಕ್ಕಿಕೊಂಡರು. ಬಡವನ ಕಾಲಿಗೆ ದಾರಿ ತೋರದ ಎಚ್ಚರಿಕೆ ಶ್ರೀಮಂತ ದೇಶದಲ್ಲೂ ವ್ಯರ್ಥವೇ.

ಹಾಗಾದರೆ ನಮ್ಮ ಧರ್ಮಕೇಂದ್ರಗಳು, ಸಂಘಗಳು, ಕುಟುಂಬಗಳು ಮಾಡಬಹುದಾದುದೇನು? ಮೊದಲನೆಯದಾಗಿ, ಏಪ್ರಿಲಿಗೆ ಮುನ್ನ ಒಮ್ಮೆ, ಅಕ್ಟೋಬರಿಗೆ ಮುನ್ನ ಇನ್ನೊಮ್ಮೆ ಯುವಕ ಯುವತಿಯರು ಕೇರಿಗಳಲ್ಲಿ ನಡೆದು ಮಣ್ಣಿನ ಗೋಡೆಯ ಮನೆ, ಶೀಟಿನ ಮನೆ, ಒಂಟಿ ವೃದ್ಧರು, ಬಾಣಂತಿಯರು ಎಲ್ಲಿದ್ದಾರೆಂದು ಮತಭೇದವಿಲ್ಲದೆ ಬರೆದಿಡಲಿ. ಶೀಟುಗಳನ್ನು ಬೋಲ್ಟು ಹಾಕಿ ಬಿಗಿಸಲು ನೆರವಾಗಲಿ. ಶೀಟಿನ ಮೇಲೆ ಕಲ್ಲು ಹೇರುವುದು ರಕ್ಷಣೆಯಲ್ಲ. ಗಾಳಿಗೆ ಆ ಕಲ್ಲೇ ಮಲಗಿದವರ ಮೇಲೆ ಬೀಳುತ್ತದೆ. ನೆನೆದ ಮಣ್ಣುಗೋಡೆ ಮಳೆ ನಿಂತ ಮೇಲೂ ಕುಸಿಯಬಲ್ಲದು. ಬಿಸಿಲು ಬಂದೊಡನೆ ಒಳಗೆ ಮಲಗುವ ಆತುರ ಬೇಡ.

ಎರಡನೆಯದಾಗಿ, ಶಾಲೆ ಮತ್ತು ಸಭಾಭವನಗಳು. ನಮ್ಮ ಸಂಸ್ಥೆಗಳ ಕಟ್ಟಡಗಳು ಬಹುತೇಕ ಗಟ್ಟಿಯಾಗಿವೆ. ರಾತ್ರಿ ಎರಡು ಗಂಟೆಗೆ ಅವುಗಳ ಬೀಗದ ಕೈ ಯಾರ ಬಳಿ ಇರುತ್ತದೆಂದು ಕೇರಿಯವರಿಗೆ ಗೊತ್ತಿದೆಯೆ? ಗೊತ್ತಿಲ್ಲದಿದ್ದರೆ ಆ ಕಟ್ಟಡ ಆಶ್ರಯವಾಗಲಾರದು. ಒಳಗೆ ಬಂದವರು ಒಂದೇ ಕೊಡದ ನೀರು ಕುಡಿಯುವಂತೆ, ಒಂದೇ ಪಂಕ್ತಿಯಲ್ಲಿ ಉಣ್ಣುವಂತೆ ನೋಡಿಕೊಳ್ಳುವುದೂ ಸಿದ್ಧತೆಯ ಭಾಗವೇ.

ಮೂರನೆಯದಾಗಿ, ಸುದ್ದಿ ಮತ್ತು ಕಾಗದ. ಹವಾಮಾನದ ಮುನ್ಸೂಚನೆ ಈಗ ಮೊಬೈಲಿಗೆ ಬರುತ್ತದೆ. ಮೊಬೈಲು ಇಲ್ಲದ ಮನೆಗೆ ಅದನ್ನು ಮುಟ್ಟಿಸುವವರು ಯಾರೆಂದು ಮೊದಲೇ ನಿಶ್ಚಯವಾಗಬೇಕು. ಜಿಲ್ಲಾ ವಿಪತ್ತು ಸಹಾಯವಾಣಿ 1077, ವಿದ್ಯುತ್ ತಂತಿ ಹರಿದುಬಿದ್ದರೆ 1912: ಇವು ಪ್ರತಿ ಮನೆಯ ಗೋಡೆಯ ಮೇಲಿರಲಿ. ಪಡಿತರ ಚೀಟಿ, ಆಧಾರ್, ಹಕ್ಕುಪತ್ರಗಳ ನಕಲು ಪ್ಲಾಸ್ಟಿಕ್ ಚೀಲದಲ್ಲಿ ಭದ್ರವಾಗಿರಲಿ.

ಕೊನೆಯದಾಗಿ, ಗ್ರಾಮಸಭೆಯಲ್ಲಿ ಧ್ವನಿಯೆತ್ತುವುದು. ಏರಿ, ತೂಬು, ಕೋಡಿಗಳ ದುರಸ್ತಿ, ಕಾಲುವೆಯ ಹೂಳು ತೆಗೆಯುವುದು, ನೀರು ಕಾಯುವವರಿಗೆ ಸಂಬಳ, ಗುತ್ತಿಗೆ ರೈತರ ಹೆಸರನ್ನು ಹಾನಿಯ ಪಟ್ಟಿಗೆ ಸೇರಿಸುವುದು, ಕಳೆದುಹೋದ ಕೂಲಿಗೆ ಪರಿಹಾರ, ತಗ್ಗಿನ ಕುಟುಂಬಗಳಿಗೆ ಎತ್ತರದಲ್ಲಿ ಹಕ್ಕುಪತ್ರ ಸಹಿತ ನಿವೇಶನ: ಇವು ಭಿಕ್ಷೆಯಲ್ಲ, ಹಕ್ಕಿನ ಬೇಡಿಕೆಗಳು. ಹೊಲ ತೋಟಗಳುಳ್ಳ ಕ್ರೈಸ್ತ ಕುಟುಂಬಗಳು ತಮಗೆ ಲಾಭವಿಲ್ಲದ ಈ ಬೇಡಿಕೆಗಳ ಪರ ಕೈಯೆತ್ತಿದ ದಿನ ನಮ್ಮ ಮಾತಿಗೆ ತೂಕ ಬರುತ್ತದೆ. ಮಳೆಯ ದಿನಗಳಲ್ಲಿ ಕೂಲಿಯವರಿಗೆ ಅರ್ಧ ಕೂಲಿಯನ್ನಾದರೂ ಕೊಡುವುದು ಯಾವ ಸರ್ಕಾರಿ ಆದೇಶಕ್ಕೂ ಕಾಯಬೇಕಾದ ಕೆಲಸವಲ್ಲ.

ಭೂಮಿಯ ಗೋಳೂ ಬಡವರ ಗೋಳೂ ಬೇರೆ ಬೇರೆಯಲ್ಲವೆಂದು ಪೋಪ್ ಫ್ರಾನ್ಸಿಸರು 2015ರಲ್ಲೇ ಎಚ್ಚರಿಸಿದ್ದರು. ನಮ್ಮ ಸೀಮೆಯಲ್ಲಿ ಚಂಡಮಾರುತಗಳ ಕಾಲವೂ ಆಗಮನ ಕಾಲವೂ ಜೊತೆಜೊತೆಯಾಗಿಯೇ ಬರುತ್ತವೆ. ಎಚ್ಚರದಿಂದ ಕಾಯಿರೆಂದು ಧರ್ಮಸಭೆ ನಮಗೆ ಹೇಳುವ ಆ ವಾರಗಳಲ್ಲಿ ಗೋದಲಿಗೆ ಹುಲ್ಲು ಹೊಂದಿಸುವ ಕೈಗಳು ನೆರೆಯವರ ಸೂರನ್ನೂ ಬಿಗಿಸಲಿ. ಮುಂದಿನ ಬಿರುಮಳೆ ಯಾವ ವರ್ಷ ಬರುತ್ತದೆಂದು ನಾವು ತೀರ್ಮಾನಿಸಲಾರೆವು. ಅದು ಬಂದಾಗ ತಗ್ಗಿನಲ್ಲಿ ಯಾರಿರಬೇಕೆಂಬುದನ್ನು ಮಾತ್ರ ಮನುಷ್ಯರೇ ತೀರ್ಮಾನಿಸುತ್ತ ಬಂದಿದ್ದಾರೆ. ಅದನ್ನು ಬದಲಿಸುವುದೂ ಮನುಷ್ಯರ ಕೈಯಲ್ಲೇ ಇದೆ.