ವಾರ್ ರೂಮ್‌ನ 17 ಹೆಸರು, ಯಾರೂ ಕೇಳದ ಗುತ್ತಿಗೆ

2021ರ ಮೇ 4. ಬೆಡ್ ಸಿಗದೆ ಜನ ಆಸ್ಪತ್ರೆ ಬಾಗಿಲಲ್ಲೇ ಪ್ರಾಣ ಬಿಡ್ತಿದ್ದ ದಿನಗಳು. ಜಯನಗರದಲ್ಲಿದ್ದ ಬಿಬಿಎಂಪಿ ದಕ್ಷಿಣ ವಲಯದ ಕೋವಿಡ್ ವಾರ್ ರೂಮ್‌ಗೆ ಸಂಸದ ತೇಜಸ್ವಿ ಸೂರ್ಯ, ಮೂವರು ಶಾಸಕರ ಜೊತೆ ನುಗ್ಗಿದರು. ಆರೋಪ ಗಂಭೀರವಾಗಿತ್ತು: ಮನೆಯಲ್ಲೇ ಐಸೊಲೇಷನ್‌ನಲ್ಲಿ ಇರುವವರ ಹೆಸರಲ್ಲಿ ಬೆಡ್ ಬ್ಲಾಕ್ ಮಾಡಿ, ದುಡ್ಡು ಕೊಟ್ಟವರಿಗೆ ಮಾರ್ತಿದ್ದಾರೆ ಅಂತ. ಆಮೇಲೆ ಆಗಿದ್ದು ಎಲ್ಲರಿಗೂ ನೆನಪಿದೆ. ಇನ್ನೂರಕ್ಕೂ ಹೆಚ್ಚು ಸಿಬ್ಬಂದಿಯಲ್ಲಿ 17 ಹೆಸರು ಓದಲಾಯಿತು, ಹದಿನೇಳೂ ಮುಸ್ಲಿಮರದ್ದು. ಪೊಲೀಸರು ಅವರನ್ನು ವಿಚಾರಿಸಿ ಬಿಟ್ಟುಕಳಿಸಿದರು. ದಂಧೆಯ ಕೇಸಲ್ಲಿ ಬಂಧನಕ್ಕೊಳಗಾದವರು ಬೇರೆಯವರು.

ಆ ಕೋಮು ರಾಜಕಾರಣದ ಬಗ್ಗೆ ಚರ್ಚೆ ಆಯ್ತು, ಆಗಲೇಬೇಕಿತ್ತು. ಆದರೆ ಗದ್ದಲದಲ್ಲಿ ಒಂದು ಸಂಗತಿ ಮುಳುಗಿಹೋಯಿತು. ಆ 17 ಮಂದಿ ಬಿಬಿಎಂಪಿ ನೌಕರರೇ ಅಲ್ಲ. ಖಾಸಗಿ ಏಜೆನ್ಸಿ ಒದಗಿಸಿದ ಗುತ್ತಿಗೆ ಸಿಬ್ಬಂದಿ.

ಸರ್ಕಾರಿ ಅಂದ್ರೆ ಲಂಚ, ಪ್ರೈವೇಟ್ ಅಂದ್ರೆ ಶಿಸ್ತು ಅನ್ನೋದು ಜಯನಗರ, ಬನಶಂಕರಿಯ ಮಧ್ಯಮವರ್ಗಕ್ಕೆ ಕಾಫಿಯಷ್ಟೇ ರೂಢಿಯ ಮಾತು. (ನಮ್ಮ ಮನೆಯಲ್ಲೂ ಕೇಳಿಸುತ್ತೆ ಬಿಡಿ.) ಅಂಗಡಿ ಸರಿಯಿಲ್ಲ ಅಂದ್ರೆ ಬೇರೆ ಅಂಗಡಿಗೆ ಹೋಗ್ತೀವಿ, ನಿಜ. ಕಚೇರಿ ಸರಿಯಿಲ್ಲ ಅಂದ್ರೆ ಮತವಿದೆ, ಆರ್‌ಟಿಐ ಇದೆ, ಲೋಕಾಯುಕ್ತವಿದೆ. ಗುತ್ತಿಗೆ ಏಜೆನ್ಸಿಯ ಮುಂದೆ ಈ ಎರಡೂ ದಾರಿ ಮಂಕಾಗುತ್ತವೆ. ಅದರ ಗ್ರಾಹಕ ಪಾಲಿಕೆ, ನಾವಲ್ಲ. ಅದರ ಬಾಗಿಲಿಗೆ ನೇರವಾಗಿ ಆರ್‌ಟಿಐ ಅರ್ಜಿ ಹಾಕೋಕೂ ಸಾಮಾನ್ಯವಾಗಿ ಆಗಲ್ಲ. ಇನ್ನು ಮತ? ಬಿಬಿಎಂಪಿ ಕೌನ್ಸಿಲ್ ಅವಧಿ 2020ರ ಸೆಪ್ಟೆಂಬರ್ 10ಕ್ಕೇ ಮುಗಿದಿತ್ತು. ಜನ ಬೆಡ್‌ಗಾಗಿ ಪರದಾಡುವಾಗ ಬೈಯೋಕೆ ಒಬ್ಬ ಕಾರ್ಪೊರೇಟರ್ ಕೂಡ ಇರಲಿಲ್ಲ. ಆಮೇಲೂ ಚುನಾವಣೆ ನಡೆಯದೆ ಬಿಬಿಎಂಪಿಯೇ ಹೋಗಿ, 2025ರ ಸೆಪ್ಟೆಂಬರ್‌ನಲ್ಲಿ ಐದು ಪಾಲಿಕೆಗಳಾದವು.

ಹೀಗಾಗಿ ಕೆಲಸ ಹೊರಗುತ್ತಿಗೆಗೆ ಹೋದಾಗ ಹೊಣೆಯೂ ಅದರ ಜೊತೆ ಹೋಗಲ್ಲ, ದಾರಿಯಲ್ಲೇ ಕಳೆದುಹೋಗುತ್ತೆ. ಕೊನೆಗೆ ಸಿಕ್ಕಿಬೀಳೋದು ಹೆಡ್‌ಸೆಟ್ ಹಾಕ್ಕೊಂಡು ಕೂತ ಹುಡುಗ ಹುಡುಗಿಯರು. ಪೋರ್ಟಲ್‌ನ ಪಾಸ್‌ವರ್ಡ್ ಯಾರ್ಯಾರ ಕೈಲಿತ್ತು, ಮೇಲ್ವಿಚಾರಣೆ ಯಾವ ಅಧಿಕಾರಿಯದ್ದು, ಒಪ್ಪಂದದಲ್ಲಿ ದಂಡದ ಷರತ್ತು ಇತ್ತಾ? ಆ ದಿನ ಕ್ಯಾಮೆರಾ ಮುಂದೆ ಓದಬೇಕಿದ್ದು ಈ ಪ್ರಶ್ನೆಗಳನ್ನ.

ಕಾನೂನು ಅಷ್ಟೇನೂ ಕುರುಡಲ್ಲ. 2016ರಲ್ಲಿ ಗ್ಲೋಬಲ್ ಟ್ರಸ್ಟ್ ಬ್ಯಾಂಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಖಾಸಗಿ ಬ್ಯಾಂಕಿನ ಮುಖ್ಯಸ್ಥರೂ ಭ್ರಷ್ಟಾಚಾರ ತಡೆ ಕಾಯ್ದೆಯಡಿ ಸಾರ್ವಜನಿಕ ಸೇವಕರೇ ಅಂದಿತ್ತು. ಸಂಬಳ ಯಾರು ಕೊಡ್ತಾರೆ ಅನ್ನೋದಕ್ಕಿಂತ ಮಾಡುವ ಕೆಲಸ ಸಾರ್ವಜನಿಕ ಕರ್ತವ್ಯವೇ ಅನ್ನೋದು ಮುಖ್ಯ. ಆರ್‌ಟಿಐ ಕಾಯ್ದೆಯ ಸೆಕ್ಷನ್ 2(ಎಫ್) ಕೂಡ, ಸರ್ಕಾರಿ ಪ್ರಾಧಿಕಾರ ಕಾನೂನುಬದ್ಧವಾಗಿ ಪಡೆಯಬಹುದಾದ ಖಾಸಗಿ ಸಂಸ್ಥೆಯ ಮಾಹಿತಿಯನ್ನು ನಾವೂ ಕೇಳಬಹುದು ಅನ್ನುತ್ತೆ.

ಅಂದ್ರೆ ಏಜೆನ್ಸಿಯನ್ನಲ್ಲ, ಪಾಲಿಕೆಯನ್ನೇ ಕೇಳಬೇಕು: ಒಪ್ಪಂದದ ಪ್ರತಿ, ಮೇಲ್ವಿಚಾರಕರ ಹುದ್ದೆ, ಇದುವರೆಗೆ ವಿಧಿಸಿದ ದಂಡ. ನಿಮ್ಮ ವಾರ್ಡಿನ ಕಸದ ಗುತ್ತಿಗೆಯಿಂದಲೇ ಶುರು ಮಾಡಿ. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದ ಪ್ರಕಾರ ಅರ್ಜಿ 150 ಪದ ಮೀರಬಾರದು. ಇಷ್ಟು ಕೇಳೋಕೆ ಅಷ್ಟು ಧಾರಾಳವಾಯ್ತು.