ಕಣ್ಣಿನ ಹಿಂಭಾಗ ಯಾರ ಹೊಣೆ?

ವಿಪರೀತ ತಲೆನೋವೆಂದು ಹೋದವರಿಗೆ ವೈದ್ಯರು ಬಿಪಿ ನೋಡುತ್ತಾರೆ, ರಕ್ತಪರೀಕ್ಷೆಗೆ ಬರೆಯುತ್ತಾರೆ, ಅನುಮಾನವಿದ್ದರೆ ಸ್ಕ್ಯಾನ್ ಮಾಡಿಸಿ ಎನ್ನುತ್ತಾರೆ. ಕೋಣೆಯ ದೀಪ ಆರಿಸಿ, ಹತ್ತಿರ ಬಾಗಿ, ಕಣ್ಣಿನೊಳಗೆ ಇಣುಕಿ ನೋಡುವವರು ಅಪರೂಪ. ಅದಕ್ಕೆ ಬೇಕಾದ ಆಫ್ತಾಲ್ಮೋಸ್ಕೋಪ್ ಒಂದು ಕೈಟಾರ್ಚಿನಷ್ಟು ದೊಡ್ಡದು. ಆದರೆ ‘ಅದು ಕಣ್ಣಿನ ಡಾಕ್ಟರ ಕೆಲಸ’ ಎಂದು ಉಳಿದವರೆಲ್ಲ ಕೈತೊಳೆದುಕೊಂಡಿದ್ದಾರೆ.

ಈ ಸಬೂಬು ಇತಿಹಾಸಕ್ಕೂ ಹೊಂದುವುದಿಲ್ಲ. 1850ರಲ್ಲಿ ಈ ಉಪಕರಣವನ್ನು ರೂಪಿಸಿದ ಹೆರ್ಮನ್ ಫಾನ್ ಹೆಲ್ಮ್‌ಹೋಲ್ಟ್ಸ್ ಕಣ್ಣಿನ ವೈದ್ಯನಲ್ಲ, ಶರೀರಕ್ರಿಯಾಶಾಸ್ತ್ರದ ಪ್ರಾಧ್ಯಾಪಕ. ಕಣ್ಣೊಳಗೆ ಹೋದ ಬೆಳಕು ಬಂದ ದಾರಿಯಲ್ಲೇ ಮರಳುತ್ತದೆ. ನೋಡುವವನ ತಲೆಯೇ ದೀಪಕ್ಕೆ ಅಡ್ಡವಾಗುವುದರಿಂದ ಪಾಪೆ ಕಪ್ಪಾಗಿ ಕಾಣುತ್ತದೆ. ನೋಟ ಮತ್ತು ಬೆಳಕು ಒಂದೇ ದಾರಿ ಹಿಡಿಯುವಂತೆ ಮಾಡಿದ್ದೇ ಅವನ ಉಪಾಯ. ಅಂದಿನಿಂದ, ಚರ್ಮ ಕೊಯ್ಯದೆಯೇ ದೇಹದ ಜೀವಂತ ರಕ್ತನಾಳಗಳನ್ನೂ ನರವನ್ನೂ ನೇರವಾಗಿ ನೋಡಲು ಸಾಧ್ಯವಾಯಿತು.

ಅಲ್ಲಿ ಕಾಣುವುದು ಬರೀ ಕಣ್ಣಿನ ಕಾಯಿಲೆಯಲ್ಲ. ತಲೆಬುರುಡೆಯೊಳಗೆ ಒತ್ತಡ ಏರಿದರೆ ದೃಷ್ಟಿನರದ ತುದಿಯ ಬಿಲ್ಲೆ ಊದಿಕೊಂಡು ಅದರ ಅಂಚು ಮಸುಕಾಗಬಹುದು. ಬಿಪಿ ಅಪಾಯದ ಮಟ್ಟ ಮುಟ್ಟಿದಾಗ ರೆಟಿನಾದಲ್ಲಿ ರಕ್ತಸ್ರಾವ, ಹತ್ತಿಯಂಥ ಬಿಳಿ ಮಚ್ಚೆಗಳು ಕಾಣಿಸಬಹುದು. ಇವು ಫಿಸಿಷಿಯನ್ನರ ರೋಗಿಗಳು.

ನೋಡದೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಎಮೊರಿ ವಿಶ್ವವಿದ್ಯಾಲಯದವರು 2011ರಲ್ಲಿ ಪ್ರಕಟಿಸಿದ ಅಧ್ಯಯನವೇ ಸಾಕ್ಷಿ. ತಲೆನೋವು, ದೃಷ್ಟಿದೋಷ, ವಿಪರೀತ ಬಿಪಿಯಂಥ ತೊಂದರೆಗಳಿಂದ ತುರ್ತುಚಿಕಿತ್ಸೆಗೆ ಬಂದ 350 ಜನರ ಕಣ್ಣಿನ ಹಿಂಭಾಗದ ಫೋಟೊ ತೆಗೆಯಲಾಯಿತು. 44 ಜನರಲ್ಲಿ ಮಹತ್ವದ ದೋಷಗಳಿದ್ದವು. ಅಲ್ಲಿನ ವೈದ್ಯರು ಕಣ್ಣೊಳಗೆ ನೋಡಿದ್ದು 48 ಜನರಿಗೆ ಮಾತ್ರ. ಮೊದಲೇ ಗೊತ್ತಿದ್ದ 11 ಜನರನ್ನು ಬಿಟ್ಟರೆ, ಉಳಿದ 33 ಜನರ ದೋಷಗಳಲ್ಲಿ ಒಂದೂ ಅವರಿಗೆ ಸಿಗಲಿಲ್ಲ. ಸೌಕರ್ಯವಿದ್ದ ಆಸ್ಪತ್ರೆಯ ಕಥೆಯಿದು.

‘ಕ್ಯಾಮೆರಾ ಬಂದಿದೆಯಲ್ಲ, ಈ ಹಳೇ ಟಾರ್ಚು ಯಾಕೆ?’ ಎನ್ನುವವರ ಮಾತಿನಲ್ಲಿ ಅರ್ಧ ಸತ್ಯವಿದೆ. 2023ರ ಐಸಿಎಂಆರ್ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆಯಿದೆ. ಅವರ ವಾರ್ಷಿಕ ರೆಟಿನಾ ತಪಾಸಣೆಗೆ ಕ್ಯಾಮೆರಾವೇ ಮೇಲು. ಆಫ್ತಾಲ್ಮೋಸ್ಕೋಪಿನಲ್ಲಿ ಒಮ್ಮೆಗೆ ಕಾಣುವುದು ರೆಟಿನಾದ ಒಂದು ಚಿಕ್ಕ ತುಣುಕು, ಅಂಚಿನ ದೋಷ ತಪ್ಪಿಹೋಗುತ್ತದೆ. ಆದರೆ ರಾತ್ರಿ ಎರಡು ಗಂಟೆಗೆ ತಾಲ್ಲೂಕು ಆಸ್ಪತ್ರೆಗೆ ವಾಂತಿ, ತಲೆನೋವೆಂದು ಬಂದವಳ ಮುಂದೆ ಕ್ಯಾಮೆರಾ ಇರುವುದಿಲ್ಲ. ಕ್ಯಾಮೆರಾ ಇದ್ದರೂ ಚಿತ್ರ ನೋಡಿ ಅರ್ಥಮಾಡಿಕೊಳ್ಳುವ ಕಣ್ಣು ಬೇಕು.

ಕಷ್ಟ ಎನ್ನುವುದೂ ನಿಜ. ರೋಗಿಯ ಬಲಗಣ್ಣನ್ನು ಬಲಗೈಯಲ್ಲಿ ಉಪಕರಣ ಹಿಡಿದು ಬಲಗಣ್ಣಿನಿಂದಲೇ ನೋಡಬೇಕು, ಎಡಗಣ್ಣನ್ನು ಎಡಗಣ್ಣಿನಿಂದ. ರೋಗಿ ದೂರದ ಒಂದು ಬಿಂದುವನ್ನು ದಿಟ್ಟಿಸಬೇಕು. ವೈದ್ಯರು ಒಂದು ಮೊಳ ದೂರದಿಂದ ಪಾಪೆಯಲ್ಲಿ ಕೆಂಪು ಹೊಳಪು ಹಿಡಿದು, ಕಿವಿಯ ಕಡೆಯಿಂದ ತುಸು ಓರೆಯಾಗಿ, ಕೆನ್ನೆಗೆ ಕೆನ್ನೆ ತಾಗುವಷ್ಟು ಹತ್ತಿರ ಬರಬೇಕು. ಪಾಪೆ ಹಿಗ್ಗಿಸುವ ಹನಿ ಹಾಕಿ ಸುಮಾರು ಅರ್ಧ ಗಂಟೆ ಕಾದರೆ ಕೆಲಸ ಸುಲಭ. ತಲೆಗೆ ಪೆಟ್ಟು ಬಿದ್ದವರಿಗೆ ಮಾತ್ರ ಹಾಗೆ ಹಾಕುವಂತಿಲ್ಲ, ಪಾಪೆಯ ಗಾತ್ರವನ್ನೇ ಗಮನಿಸುತ್ತಿರಬೇಕಾಗುತ್ತದೆ. ಹೃದಯದ ಬಡಿತ ಕೇಳಿ ಅರ್ಥಮಾಡಿಕೊಳ್ಳುವುದೂ ಮೊದಲ ದಿನವೇ ಬರುವ ವಿದ್ಯೆಯಲ್ಲ. ಅದಕ್ಕಾಗಿ ಸ್ಟೆತಸ್ಕೋಪನ್ನು ಯಾರೂ ಕೈಬಿಟ್ಟಿಲ್ಲ.

ಆ ಕೆಂಪು ಹೊಳಪಿಗೂ ಬೆಲೆಯಿದೆ. ಮಗುವಿನ ಪಾಪೆಯಲ್ಲಿ ಅದರ ಬದಲು ಬಿಳುಪು ಕಂಡರೆ ಹುಟ್ಟುಪೊರೆಯೋ ರೆಟಿನೊಬ್ಲಾಸ್ಟೋಮಾ ಎಂಬ ಕ್ಯಾನ್ಸರೋ ಇರಬಹುದು. ಇದನ್ನು ನೋಡಲು ನಿಮಿಷ ಸಾಕು.

ಡಾ. ಎಂ.ಸಿ. ಮೋದಿಯವರ ಶಿಬಿರಗಳಿಗೆ ಜನ ಸಾಲುಗಟ್ಟಿದ್ದು ಪೊರೆ ಬಂದವರಿಗೆ ತಮ್ಮ ಕಣ್ಣು ಮಂಜಾದದ್ದು ತಾವೇ ತಿಳಿಯುತ್ತಿದ್ದುದರಿಂದ. ಊದಿದ ನರವಾಗಲಿ, ಸಕ್ಕರೆ ತಿಂದ ರೆಟಿನಾವಾಗಲಿ ಮೊದಮೊದಲು ಸುಳಿವು ಕೊಡದೆ ಇರಬಹುದು. ಅದನ್ನು ಬೇರೊಬ್ಬರು ನೋಡಿಯೇ ಹೇಳಬೇಕು. ಆದ್ದರಿಂದ ಇದು ಪಠ್ಯದಲ್ಲಿದ್ದರೆ ಸಾಲದು. ದೃಷ್ಟಿನರದ ಬಿಲ್ಲೆಯನ್ನು ಕಂಡು ವಿವರಿಸಲಾಗದ ವಿದ್ಯಾರ್ಥಿಯನ್ನು ಮೆಡಿಕಲ್ ಕಾಲೇಜುಗಳು ಪಾಸು ಮಾಡಬಾರದು. ರೋಗಿಗಳೂ ಕೇಳಲು ಹಿಂಜರಿಯಬಾರದು: ‘ಡಾಕ್ಟ್ರೇ, ಕಣ್ಣಿನ ಹಿಂಭಾಗ ನೋಡಿದಿರಾ?’